ಘಟ್ಟದ ರಸ್ತೆಯಲ್ಲಿ ಸ್ವಯಂಚಾಲಿತ ಗೇರಿನ ಲಾರಿ: ಚಾಲಕರೂ ಸಾರ್ವಜನಿಕರೂ ತಿಳಿದಿರಬೇಕಾದ ಅಂಶಗಳು

ಪೀಠಿಕೆ

ದಖ್ಖನ್ ಪ್ರಸ್ಥಭೂಮಿಯ ಮೇಲಿರುವ ಊರುಗಳಿಗೂ ಅದರ ಅಂಚಿನಾಚೆಯ ತಗ್ಗುಸೀಮೆಗೂ ನಡುವೆ ಸರಕು ಸಾಗಬೇಕಾದರೆ ಘಟ್ಟವನ್ನು ದಾಟದೆ ವಿಧಿಯಿಲ್ಲ. ಮುಂಬಯಿ–ಪುಣೆ ಮಾರ್ಗದ ಭೋರ್ ಘಾಟ್, ಮುಂಬಯಿ–ನಾಸಿಕ್ ಮಾರ್ಗದ ಕಸಾರಾ ಘಾಟ್, ಬೆಂಗಳೂರು–ಸೇಲಂ ಮಾರ್ಗದ ತೊಪ್ಪೂರು ಘಾಟಿ, ಮೈಸೂರು–ಕೊಯಮತ್ತೂರು ಮಾರ್ಗದ ದಿಂಬಂ ಘಾಟಿ, ಬೆಂಗಳೂರು–ಮಂಗಳೂರು ಮಾರ್ಗದ ಶಿರಾಡಿ ಘಾಟಿ, ಇವೆಲ್ಲವೂ ಹಗಲಿರುಳೂ ಲಾರಿಗಳು ಸಂಚರಿಸುವ ದಾರಿಗಳು. ಈ ಮಾರ್ಗಗಳಲ್ಲಿ ಸಂಭವಿಸುವ ಅಪಘಾತಗಳ ವರದಿಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ: “ಬ್ರೇಕು ವಿಫಲವಾದ ಕಾರಣ ಲಾರಿಯು ಚಾಲಕನ ಹಿಡಿತ ತಪ್ಪಿತು.”

ಈ ಮಾತು ಸುಳ್ಳಲ್ಲವಾದರೂ ಅಪೂರ್ಣವಾದುದು. ಬ್ರೇಕು ಬಹುತೇಕ ಸಂದರ್ಭಗಳಲ್ಲಿ ತಾನಾಗಿಯೇ ಹಠಾತ್ತನೆ ಕೆಡುವುದಿಲ್ಲ. ಘಟ್ಟದ ತಲೆಯಲ್ಲಿ ಕೈಗೊಂಡ ಒಂದು ತಪ್ಪು ನಿರ್ಧಾರದಿಂದಾಗಿ ಅದು ನಿಮಿಷ ನಿಮಿಷಕ್ಕೂ ಕಾಯುತ್ತಾ ಹೋಗಿ, ಘಟ್ಟದ ಬುಡ ಸಮೀಪಿಸುವ ಹೊತ್ತಿಗೆ ಶಕ್ತಿಗುಂದುತ್ತದೆ. ಆ ನಿರ್ಧಾರವು ಗೇರಿಗೆ ಸಂಬಂಧಿಸಿದ್ದು.

ಇತ್ತೀಚಿನ ವರ್ಷಗಳಲ್ಲಿ ಕ್ಲಚ್ ಪೆಡಲ್ ಇಲ್ಲದ, ಗೇರನ್ನು ತಾನೇ ಬದಲಿಸಿಕೊಳ್ಳುವ ಲಾರಿಗಳು ಭಾರತದ ರಸ್ತೆಗಳಲ್ಲಿ ಹೆಚ್ಚುತ್ತಿವೆ. ಇವು ಚಾಲಕರ ಆಯಾಸವನ್ನು ಬಹುಮಟ್ಟಿಗೆ ತಗ್ಗಿಸಿವೆ. ಆದರೆ ಗೇರಿನ ಚಿಂತೆಯನ್ನು ಯಂತ್ರವೇ ವಹಿಸಿಕೊಂಡಿದೆ ಎಂಬ ಭಾವನೆಯು ಘಟ್ಟದ ಇಳಿಜಾರಿನಲ್ಲಿ ಅಪಾಯಕಾರಿಯಾಗಬಲ್ಲದು. ಅದು ಏಕೆ ಮತ್ತು ಹೇಗೆ ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

1. ಇಳಿಜಾರಿನಲ್ಲಿ ಅಡಗಿರುವ ಶಕ್ತಿ

ರಸ್ತೆಯು 20 ಮೀಟರ್ ಮುಂದೆ ಸಾಗುವಷ್ಟರಲ್ಲಿ 1 ಮೀಟರ್ ಕೆಳಗಿಳಿದರೆ ಅದನ್ನು 20ಕ್ಕೆ 1ರ ಅಥವಾ ಶೇಕಡಾ 5ರ ಇಳಿಜಾರು ಎನ್ನುತ್ತಾರೆ. ಗುಡ್ಡಗಾಡಿನ ರಸ್ತೆಗಳಿಗೆ ಭಾರತೀಯ ರಸ್ತೆ ಕಾಂಗ್ರೆಸ್ಸು ಗೊತ್ತುಪಡಿಸಿರುವ ಪ್ರಮಾಣವು ಸಾಮಾನ್ಯವಾಗಿ ಶೇಕಡಾ 5 ಅಥವಾ 6. ಅನಿವಾರ್ಯವಾದ ಕಡೆಗಳಲ್ಲಿ ಶೇಕಡಾ 7 ಅಥವಾ 8. ಕಣ್ಣಿಗೆ ಇದು ಸಾಧಾರಣವಾದ ಓರೆಯಂತೆ ತೋರುತ್ತದೆ. ಭಾರದ ಲಾರಿಗೆ ಇದರ ಅರ್ಥವೇ ಬೇರೆ.

ಲೋಣಾವಳದಿಂದ ಖೋಪೋಲಿಗೆ ಬರುವಷ್ಟರಲ್ಲಿ ವಾಹನವು 500 ಮೀಟರಿಗಿಂತ ಹೆಚ್ಚು ಕೆಳಗೆ ಇಳಿಯುತ್ತದೆ. ಸರಕೂ ಸೇರಿ 25 ಟನ್ ತೂಗುವ ಲಾರಿಯೊಂದು 500 ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿಯು, ಅದಷ್ಟೂ ಶಾಖವಾಗಿ ಮಾರ್ಪಟ್ಟಲ್ಲಿ, ಸುಮಾರು 400 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುತ್ತದೆ. ಚಕ್ರಗಳು ಉರುಳುವಾಗಿನ ತಡೆ ಮತ್ತು ಗಾಳಿಯ ತಡೆಗಳಲ್ಲಿ ಇದರ ಒಂದು ಸಣ್ಣ ಪಾಲು ಕಳೆಯುತ್ತದೆ. ಉಳಿದುದನ್ನು ಬ್ರೇಕು ಇಲ್ಲವೇ ಇಂಜಿನ್ನು ಹೀರಿಕೊಳ್ಳಲೇಬೇಕು. ಮೂರನೆಯ ದಾರಿಯೆಂದರೆ ಲಾರಿಯ ವೇಗ ಹೆಚ್ಚುವುದು.

ಇದೇ ಲಾರಿಯು ಶೇಕಡಾ 5ರ ಇಳಿಜಾರಿನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಇಳಿಯುತ್ತಿರುವಾಗ ಪ್ರತಿ ಕ್ಷಣವೂ ಬಿಡುಗಡೆಯಾಗುವ ಶಕ್ತಿಯು ಸುಮಾರು 100 ಕಿಲೋವ್ಯಾಟ್. ಮನೆಬಳಕೆಯ 1,000 ವ್ಯಾಟಿನ 100 ಇಸ್ತ್ರಿಪೆಟ್ಟಿಗೆಗಳು ಏಕಕಾಲಕ್ಕೆ ಉರಿದಂತೆ ಇದು. ವೇಗವು 60 ಕಿಲೋಮೀಟರಿಗೆ ಏರಿದರೆ ಈ ಸಂಖ್ಯೆಯು 200 ಆಗುತ್ತದೆ. ಎಂದರೆ, ವೇಗ ಹೆಚ್ಚಿದಂತೆಲ್ಲ ಬ್ರೇಕಿನ ಮೇಲಿನ ಹೊರೆ ಹೆಚ್ಚುತ್ತದೆ; ಹೊರೆ ಹೆಚ್ಚಿದಂತೆಲ್ಲ ಬ್ರೇಕು ಬಲಗುಂದುತ್ತದೆ; ಬ್ರೇಕು ಬಲಗುಂದಿದಂತೆ ವೇಗ ಮತ್ತಷ್ಟು ಹೆಚ್ಚುತ್ತದೆ. ಈ ಸರಪಳಿಯು ಒಮ್ಮೆ ಆರಂಭವಾದರೆ ಅದನ್ನು ತುಂಡರಿಸುವುದು ಕಷ್ಟ. ಅದು ಆರಂಭವಾಗದಂತೆ ನೋಡಿಕೊಳ್ಳುವುದೇ ಘಟ್ಟದ ಚಾಲನೆಯ ಸಾರ.

2. ಬ್ರೇಕು ಬಲಗುಂದುವ ಬಗೆ

ಲಾರಿಯ ಡ್ರಮ್ ಬ್ರೇಕಿನಲ್ಲಿ, ಚಕ್ರದೊಡನೆ ತಿರುಗುವ ಕಬ್ಬಿಣದ ಡ್ರಮ್ಮಿನ ಒಳಮೈಗೆ ಲೈನರುಗಳು ಒತ್ತಿಕೊಂಡು ಚಲನೆಯನ್ನು ತಡೆಯುತ್ತವೆ. ಎಡೆಬಿಡದೆ ಬ್ರೇಕು ಹಿಡಿದಾಗ ಎರಡು ಪರಿಣಾಮಗಳು ಉಂಟಾಗುತ್ತವೆ. ಮೊದಲನೆಯದಾಗಿ, ಅತಿಯಾಗಿ ಕಾದ ಲೈನರು ಜಾರತೊಡಗಿ ಅದರ ಹಿಡಿತ ಕಡಿಮೆಯಾಗುತ್ತದೆ. ಎರಡನೆಯದಾಗಿ, ಕಾದ ಡ್ರಮ್ಮು ಹಿಗ್ಗಿ ಲೈನರಿನಿಂದ ದೂರ ಸರಿಯುವುದರಿಂದ ಲೈನರು ಅದನ್ನು ಮುಟ್ಟಲು ಹೆಚ್ಚು ದೂರ ಚಲಿಸಬೇಕಾಗುತ್ತದೆ. ಪೆಡಲನ್ನು ಎಷ್ಟು ಬಲವಾಗಿ ಒತ್ತಿದರೂ ವಾಹನವು ನಿಲ್ಲದಂತಹ ಸ್ಥಿತಿ ಆಗ ಒದಗುತ್ತದೆ.

ಇದರೊಂದಿಗೆ ಇನ್ನೊಂದು ಸಂಗತಿಯೂ ಉಂಟು. ಏರ್ ಬ್ರೇಕು ಕೆಲಸ ಮಾಡುವುದು ಟ್ಯಾಂಕಿನಲ್ಲಿ ಒತ್ತಿ ತುಂಬಿದ ಗಾಳಿಯಿಂದ. ಪೆಡಲನ್ನು ಮೇಲಿಂದ ಮೇಲೆ ಒತ್ತಿ ಬಿಡುತ್ತಿದ್ದರೆ ಗಾಳಿಯು ತುಂಬುವುದಕ್ಕಿಂತ ಬೇಗನೆ ಖರ್ಚಾಗುತ್ತದೆ. ಗಾಲಿಯು ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆಯು ಇಂದಿನ ಲಾರಿಗಳಲ್ಲಿ ಇದೆ; ಆದರೆ ಅದು ಕಾದ ಡ್ರಮ್ಮನ್ನು ತಣಿಸಲಾರದು.

ಇಂಜಿನ್ನಿನ ವಿಷಯ ಹೀಗಲ್ಲ. ಲಾರಿಯು ಕೆಳಗಿನ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಚಕ್ರಗಳೇ ಇಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಆ ಶ್ರಮದಲ್ಲಿ ಲಾರಿಯ ವೇಗ ತಗ್ಗುತ್ತದೆ. ಹೊಗೆಕೊಳವೆಯನ್ನು ಕವಾಟದಿಂದ ಮುಚ್ಚಿ ಇಂಜಿನ್ನಿನ ತಡೆಯನ್ನು ಹೆಚ್ಚಿಸುವ ಸಾಧನವೇ ಎಕ್ಸಾಸ್ಟ್ ಬ್ರೇಕು. ಕೆಲವು ಲಾರಿಗಳಲ್ಲಿ ಇದಕ್ಕಿಂತ ಪ್ರಬಲವಾದ ಇಂಜಿನ್ ಬ್ರೇಕು ಅಥವಾ ರಿಟಾರ್ಡರ್ ಎಂಬ ಸಾಧನಗಳೂ ಇರುತ್ತವೆ. ಇಂಜಿನ್ನಿನಲ್ಲಿ ಹುಟ್ಟುವ ಶಾಖವನ್ನು ಹೊಗೆಕೊಳವೆಯೂ ರೇಡಿಯೇಟರೂ ಹೊರಗೆ ಸಾಗಿಸುತ್ತಲೇ ಇರುವುದರಿಂದ, ಘಟ್ಟವು ಎಷ್ಟೇ ಉದ್ದವಾಗಿದ್ದರೂ ಅದು ಬ್ರೇಕಿನಂತೆ ಬೇಗನೆ ಸೋಲುವುದಿಲ್ಲ. ಆದ್ದರಿಂದ ವೇಗವನ್ನು ಹಿಡಿದಿಡುವ ಕೆಲಸ ಇಂಜಿನ್ನಿನದು. ಬ್ರೇಕು ಅದಕ್ಕೆ ನೆರವು ಮಾತ್ರ ಎಂಬುದನ್ನು ಚಾಲಕರು ಮನಗಾಣಬೇಕು.

3. ಸ್ವಯಂಚಾಲಿತ ಗೇರು ವ್ಯವಸ್ಥೆಯ ಸ್ವರೂಪ ಮತ್ತು ಮಿತಿ

ಲಾರಿಗಳಲ್ಲಿ ಕಂಡುಬರುವ ಸ್ವಯಂಚಾಲಿತ ಗೇರು ವ್ಯವಸ್ಥೆಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಒಂದರಲ್ಲಿ ಇಂಜಿನ್ನಿನ ಶಕ್ತಿಯು ಎಣ್ಣೆಯ ಮೂಲಕ ಗೇರುಪೆಟ್ಟಿಗೆಗೆ ಸಾಗುತ್ತದೆ. ಇದಕ್ಕೆ ಟಾರ್ಕ್ ಕನ್ವರ್ಟರ್ ಬಗೆ ಎಂದು ಹೆಸರು. ಮತ್ತೊಂದರಲ್ಲಿ ಹಳೆಯ ಮಾದರಿಯ ಗೇರುಗಳೂ ಕ್ಲಚ್ಚೂ ಹಾಗೆಯೇ ಇದ್ದು, ಅವುಗಳನ್ನು ನಡೆಸುವ ಕೆಲಸವನ್ನು ಮಾತ್ರ ಚಾಲಕನ ಕೈಕಾಲುಗಳಿಗೆ ಬದಲಾಗಿ ಒಂದು ವಿದ್ಯುನ್ಮಾನ ಘಟಕವು ನಿರ್ವಹಿಸುತ್ತದೆ, ಇದಕ್ಕೆ ಎ.ಎಂ.ಟಿ. ಎನ್ನುತ್ತಾರೆ. ಸರಕು ಲಾರಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಈ ಎರಡನೆಯ ಬಗೆ. ಇದರಲ್ಲಿ ಸಾಮಾನ್ಯವಾಗಿ ಆಟೋ, ಮ್ಯಾನುಯಲ್, ನ್ಯೂಟ್ರಲ್ ಮತ್ತು ರಿವರ್ಸ್ ಎಂಬ ನಾಲ್ಕು ಸ್ಥಾನಗಳಿರುತ್ತವೆ.

ಆಟೋ ಸ್ಥಾನದಲ್ಲಿ ಆ ಘಟಕವು ಲಾರಿಯ ವೇಗ, ಇಂಜಿನ್ನಿನ ಸುತ್ತುಗಳು, ಆಕ್ಸಿಲರೇಟರಿನ ಮೇಲಿನ ಒತ್ತಡ ಮುಂತಾದವನ್ನು ಅಳೆದು ಗೇರನ್ನು ಆರಿಸುತ್ತದೆ. ಅದು ಅಳೆಯುವುದೆಲ್ಲ ಈ ಕ್ಷಣದ ಸಂಗತಿಗಳನ್ನು. ಮುಂದಿನ ತಿರುವಿನಾಚೆ ರಸ್ತೆ ಎಷ್ಟು ಇಳಿಜಾರಾಗಿದೆ, ಇಳಿಜಾರು ಇನ್ನೆಷ್ಟು ಕಿಲೋಮೀಟರ್ ಮುಂದುವರಿಯುತ್ತದೆ ಎಂಬುದು ಅದಕ್ಕೆ ಕಾಣದು. ರಸ್ತೆಯ ನಕ್ಷೆಯನ್ನು ಆಧರಿಸಿ ಮುಂದಿನ ಏರಿಳಿತವನ್ನು ಊಹಿಸುವ ಮಾದರಿಗಳು ಬಂದಿವೆಯಾದರೂ, ಎದುರಿಗೆ ಕೆಟ್ಟು ನಿಂತಿರುವ ವಾಹನವನ್ನಾಗಲಿ ಅಂದಿನ ಮಳೆಯನ್ನಾಗಲಿ ನಕ್ಷೆ ತಿಳಿಸಲಾರದು.

ಇದರಿಂದ ಮೂರು ತೊಡಕುಗಳು ಉಂಟಾಗಬಹುದು.

ಒಂದು: ಇಳಿಜಾರಿನ ಆರಂಭದಲ್ಲಿ ವೇಗ ಹೆಚ್ಚಿದಾಗ, ಇಂಧನ ಉಳಿಸುವಂತೆ ರೂಪಿಸಲಾದ ಯಂತ್ರವು ಮೇಲಿನ ಗೇರಿಗೆ ಜಿಗಿಯಬಹುದು. ಆಗ ಇಂಜಿನ್ನಿನ ತಡೆಯು ಬೇಕಾದ ವೇಳೆಯಲ್ಲೇ ಕಡಿಮೆಯಾಗುತ್ತದೆ.

ಎರಡು: ಕೆಲವು ಲಾರಿಗಳಲ್ಲಿ ಇಕೋ ರೋಲ್ ಎಂಬ ಸೌಲಭ್ಯವಿದ್ದು, ಕಾಲು ತೆಗೆದಾಗ ಅದು ಗೇರನ್ನು ತಾನಾಗಿ ನ್ಯೂಟ್ರಲ್ಲಿಗೆ ತರುತ್ತದೆ. ಬಯಲುಸೀಮೆಯ ಅಲ್ಪ ಏರಿಳಿತಗಳಲ್ಲಿ ಇದು ಉಪಯುಕ್ತ. ಘಟ್ಟದಲ್ಲಿ ಇದಕ್ಕೆ ಎಡೆಯಿಲ್ಲ.

ಮೂರು: ವೇಗವು ಮಿತಿಮೀರಿದ ಮೇಲೆ ಚಾಲಕನು ಕೆಳಗಿನ ಗೇರನ್ನು ಕೇಳಿದರೂ ಯಂತ್ರವು ಒಪ್ಪುವುದಿಲ್ಲ. ಆ ವೇಗದಲ್ಲಿ ಕೆಳಗಿನ ಗೇರಿಗೆ ಬಂದರೆ ಇಂಜಿನ್ನು ಅತಿಯಾಗಿ ತಿರುಗಿ ಒಡೆಯುವುದೆಂಬ ಕಾರಣಕ್ಕೆ ಅದನ್ನು ಹಾಗೆಯೇ ರೂಪಿಸಲಾಗಿದೆ. ತಡವಾಗಿ ಬಂದ ಬುದ್ಧಿಗೆ ಯಂತ್ರವು ಸ್ಪಂದಿಸದು ಎಂಬುದೇ ಇದರ ತಾತ್ಪರ್ಯ.

4. ಇಳಿಯುವ ಮುನ್ನ

ಮುಂಬಯಿ–ಪುಣೆ ರೈಲುಮಾರ್ಗದಲ್ಲಿ ಪ್ರಯಾಣ ಮಾಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. 1863ರಲ್ಲಿ ಸಂಚಾರಕ್ಕೆ ತೆರೆದ ಭೋರ್ ಘಾಟಿನ ಈ ಮಾರ್ಗದಲ್ಲಿ 37ಕ್ಕೆ 1ರಷ್ಟು ಕಡಿದಾದ ಇಳಿಜಾರಿದೆ. ಘಟ್ಟ ಇಳಿಯುವ ರೈಲುಗಳು ನಡುವೆ ಹತ್ತಿ ಇಳಿಯುವ ಪ್ರಯಾಣಿಕರಿಲ್ಲದ ಕಡೆಗಳಲ್ಲಿಯೂ ನಿಂತು ಮುಂದುವರಿಯುತ್ತವೆ. ರೈಲು ಚಾಲಕನ ಹಿಡಿತದಲ್ಲಿದೆ ಎಂಬುದು ಈ ನಿಲುಗಡೆಯಿಂದ ಖಚಿತವಾಗುತ್ತದೆ. ಹಿಡಿತ ತಪ್ಪಿ ಬಂದ ರೈಲನ್ನು ಪಕ್ಕದ ಏರುಹಳಿಯೊಂದಕ್ಕೆ ತಿರುಗಿಸಿ ನಿಲ್ಲಿಸುವ ಏರ್ಪಾಡೂ ಅಲ್ಲಿದೆ. ಲಾರಿಯ ಚಾಲಕನಿಗೆ ಇಂತಹ ಕಡ್ಡಾಯ ನಿಲುಗಡೆ ಇಲ್ಲ. ಅದನ್ನು ಅವನು ತಾನೇ ವಿಧಿಸಿಕೊಳ್ಳಬೇಕು.

ಘಟ್ಟದ ತಲೆಯಲ್ಲಿ, ಸುರಕ್ಷಿತ ಸ್ಥಳವಿದ್ದಲ್ಲಿ, ಲಾರಿಯನ್ನು ಬದಿಗೆ ನಿಲ್ಲಿಸಿ ಮುಂದಿನ ಅಂಶಗಳನ್ನು ಪರಿಶೀಲಿಸತಕ್ಕದ್ದು:

• ಏರ್ ಮೀಟರಿನ ಮುಳ್ಳು ಪೂರ್ಣ ಒತ್ತಡವನ್ನು ತೋರಿಸುತ್ತಿದೆಯೇ? ಗಾಳಿ ಸೋರುವ ಸದ್ದು ಕೇಳಿಸುತ್ತಿದೆಯೇ?
• ಯಾವುದಾದರೂ ಚಕ್ರದ ಡ್ರಮ್ಮು ಉಳಿದವಕ್ಕಿಂತ ಹೆಚ್ಚು ಬಿಸಿಯಾಗಿದೆಯೇ? ಸುಟ್ಟ ವಾಸನೆ ಬರುತ್ತಿದೆಯೇ? ಡ್ರಮ್ಮನ್ನು ಮುಟ್ಟದೆ, ಅದರ ಹತ್ತಿರ ಕೈ ಹಿಡಿದು ತಿಳಿಯಬೇಕು.
• ಟೈರುಗಳಲ್ಲಿ ಗಾಳಿ ಸರಿಯಾಗಿದೆಯೇ? ಸರಕು ಜರುಗದಂತೆ ಹಗ್ಗ, ಸರಪಳಿಗಳು ಬಿಗಿಯಾಗಿವೆಯೇ?
• ಎಕ್ಸಾಸ್ಟ್ ಬ್ರೇಕಿನ ಗುಂಡಿ ಕೆಲಸ ಮಾಡುತ್ತಿದೆಯೇ?
• ಇಕೋ ರೋಲ್ ಸೌಲಭ್ಯವಿದ್ದಲ್ಲಿ ಅದನ್ನು ಆರಿಸಲಾಗಿದೆಯೇ?

ಬಳಿಕ ಗೇರನ್ನು ಆಟೋದಿಂದ ಮ್ಯಾನುಯಲ್ ಸ್ಥಾನಕ್ಕೆ ತಂದು, ಕೆಳಗಿನ ಗೇರೊಂದನ್ನು ಆರಿಸಿಕೊಂಡೇ ಇಳಿಯಲು ತೊಡಗಬೇಕು. “ಹತ್ತುವ ಗೇರಿನಲ್ಲೇ ಇಳಿಯಬೇಕು” ಎಂಬುದು ಹಿರಿಯ ಚಾಲಕರ ಹಳೆಯ ಪಾಠ. ಇಂದಿನ ಇಂಜಿನ್ನುಗಳು ಹೆಚ್ಚು ಬಲಶಾಲಿಯಾಗಿರುವುದರಿಂದ ಅವು ಮೇಲಿನ ಗೇರಿನಲ್ಲಿಯೂ ಘಟ್ಟವನ್ನು ಹತ್ತುತ್ತವೆ. ಆದರೆ ಅದೇ ಗೇರಿನಲ್ಲಿ ಇಳಿಯುವಾಗ ಅವುಗಳ ತಡೆ ಸಾಲದೆ ಹೋಗಬಹುದು. ಆದಕಾರಣ ಹೊಸ ಲಾರಿಗಳಲ್ಲಿ ಹತ್ತುವ ಗೇರಿಗಿಂತಲೂ ಒಂದು ಗೇರು ಕೆಳಗೆ ಇರುವುದು ಲೇಸು. ಸಂದೇಹವಿದ್ದಲ್ಲಿ ಇನ್ನೂ ಕೆಳಗಿನ ಗೇರನ್ನೇ ಆರಿಸಬೇಕು. ನಿಧಾನವಾಗಿ ಇಳಿಯುತ್ತಿರುವ ಲಾರಿಯು ಬೇಕೆನಿಸಿದಾಗ ಮೇಲಿನ ಗೇರಿಗೆ ಹೋಗಬಹುದು. ವೇಗವಾಗಿ ಇಳಿಯುತ್ತಿರುವ ಲಾರಿಯು ಕೆಳಗಿನ ಗೇರಿಗೆ ಬರಲಾರದು.

5. ಇಳಿಯುವಾಗ

ಇಳಿಜಾರು ಆರಂಭವಾಗುತ್ತಿದ್ದಂತೆಯೇ ಎಕ್ಸಾಸ್ಟ್ ಬ್ರೇಕನ್ನು ಹಾಕಬೇಕು. ಇಂಜಿನ್ನು ಹೆಚ್ಚು ಸುತ್ತುಗಳಲ್ಲಿ ತಿರುಗುತ್ತಿರುವಾಗ ಇದರ ತಡೆ ಹೆಚ್ಚು. ಇಂಜಿನ್ನು ಸದ್ದು ಮಾಡುತ್ತಿದೆ ಎಂದು ಮೇಲಿನ ಗೇರಿಗೆ ಬದಲಿಸಬಾರದು. ಆ ಸದ್ದು ಇಂಜಿನ್ನು ಲಾರಿಯನ್ನು ಹಿಡಿದಿಟ್ಟಿದೆ ಎಂಬುದರ ಸೂಚನೆ. ಮೀಟರಿನ ಮುಳ್ಳು ಕೆಂಪು ಪಟ್ಟಿಯನ್ನು ಸಮೀಪಿಸಿದರೆ ಮಾತ್ರ ಕಾಲಿನ ಬ್ರೇಕಿನಿಂದ ವೇಗವನ್ನು ತಗ್ಗಿಸಬೇಕು. ಮುಳ್ಳು ಕೆಂಪು ಪಟ್ಟಿಗೆ ಹೋದಾಗ ಇಂಜಿನ್ನನ್ನು ಕಾಪಾಡಲು ಮ್ಯಾನುಯಲ್ ಸ್ಥಾನದಲ್ಲಿಯೂ ತಾನಾಗಿ ಮೇಲಿನ ಗೇರಿಗೆ ಹೋಗುವ ಮಾದರಿಗಳಿವೆ. ಆದ್ದರಿಂದ ಅದಕ್ಕೆ ಅವಕಾಶವನ್ನೇ ಕೊಡಬಾರದು. ಎಕ್ಸಾಸ್ಟ್ ಬ್ರೇಕು ಹಾಕಿದೊಡನೆ ತಾನೇ ಕೆಳಗಿನ ಗೇರಿಗೆ ಬರುವ ಮಾದರಿಗಳೂ ಇವೆ. ತಾನು ನಡೆಸುವ ಲಾರಿ ಯಾವ ಬಗೆಯದೆಂಬುದನ್ನು ಚಾಲಕನು ವಾಹನದ ಕೈಪಿಡಿಯಿಂದ ಮುಂಚಿತವಾಗಿಯೇ ತಿಳಿದುಕೊಂಡಿರಬೇಕು.

ಕಾಲಿನ ಬ್ರೇಕನ್ನು ಬಳಸುವುದಕ್ಕೂ ಒಂದು ಕ್ರಮವಿದೆ. ಇಳಿಜಾರಿಗೆ ತಕ್ಕ ಸುರಕ್ಷಿತ ವೇಗವು ಗಂಟೆಗೆ 30 ಕಿಲೋಮೀಟರ್ ಎಂದು ಭಾವಿಸಬಹುದು. ವೇಗವು 30ನ್ನು ಮುಟ್ಟಿದಾಗ ಬ್ರೇಕನ್ನು ದೃಢವಾಗಿ ಒತ್ತಿ 22ರ ಸುಮಾರಿಗೆ ಇಳಿಸಿ, ಕಾಲನ್ನು ಪೂರ್ಣವಾಗಿ ತೆಗೆಯಬೇಕು. ವೇಗವು ಪುನಃ 30ನ್ನು ಮುಟ್ಟಿದಾಗ ಇದನ್ನೇ ಮಾಡಬೇಕು. ನಡುವಿನ ಬಿಡುವಿನಲ್ಲಿ ಡ್ರಮ್ಮುಗಳಿಗೆ ಗಾಳಿ ತಾಗಿ ತಣಿಯಲು ಅವಕಾಶ ದೊರೆಯುತ್ತದೆ. ಟ್ಯಾಂಕಿನಲ್ಲಿ ಗಾಳಿಯೂ ತುಂಬಿಕೊಳ್ಳುತ್ತದೆ. ಪೆಡಲಿನ ಮೇಲೆ ಹಗುರವಾಗಿ ಕಾಲಿಟ್ಟುಕೊಂಡೇ ಘಟ್ಟವಿಡೀ ಇಳಿಯುವುದು ಎಚ್ಚರಿಕೆಯಂತೆ ತೋರಿದರೂ ವಾಸ್ತವವಾಗಿ ಬ್ರೇಕನ್ನು ಸುಡುವ ಕ್ರಮ. ಈ ಬಗೆಯ ಬ್ರೇಕಿನ ಬಳಕೆಯು ಮೇಲಿಂದ ಮೇಲೆ ಬೇಕಾಗುತ್ತಿದ್ದರೆ ಆರಿಸಿಕೊಂಡ ಗೇರು ಸಾಕಷ್ಟು ಕೆಳಗಿನದಲ್ಲ ಎಂದು ತಿಳಿದು, ವೇಗ ತಗ್ಗಿದ ಕ್ಷಣದಲ್ಲೇ ಇನ್ನೊಂದು ಗೇರು ಕೆಳಗೆ ಬರಬೇಕು.

6. ನ್ಯೂಟ್ರಲ್ ಎಂಬ ಭ್ರಮೆ

ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್ಲಿಗೆ ತಂದರೆ ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆಯು ಚಾಲಕರಲ್ಲಿ ಆಳವಾಗಿ ಬೇರೂರಿದೆ. ಕೆಲವರು ಇಂಜಿನ್ನನ್ನೇ ಆರಿಸಿ ಇಳಿಯುವುದೂ ಉಂಟು. ಒಂದು ಸರದಿಗೆ ಇಷ್ಟೇ ಡೀಸೆಲ್ ಎಂದು ಲೆಕ್ಕ ಹಾಕಿ ಕೊಡುವ ಪದ್ಧತಿಯಿರುವ ಕಡೆ, ಉಳಿಸಿದ ಡೀಸೆಲ್ ಚಾಲಕನ ಅಲ್ಪ ಸಂಪಾದನೆಗೆ ಸೇರುತ್ತದೆ. ಆದ್ದರಿಂದ ಇದನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಲೆಕ್ಕವನ್ನೇ ಪರಿಶೀಲಿಸುವುದು ಉಚಿತ.

ವಿದ್ಯುನ್ಮಾನ ನಿಯಂತ್ರಣವಿರುವ ಇಂದಿನ ಡೀಸೆಲ್ ಇಂಜಿನ್ನುಗಳಲ್ಲಿ, ಲಾರಿಯು ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಇಂಧನದ ಪೂರೈಕೆಯೇ ನಿಂತುಹೋಗುತ್ತದೆ. ಇಂಜಿನ್ನನ್ನು ತಿರುಗಿಸುವ ಕೆಲಸವನ್ನು ಚಕ್ರಗಳೇ ಮಾಡುತ್ತಿರುವುದರಿಂದ ಇಂಧನದ ಅಗತ್ಯವಿರುವುದಿಲ್ಲ. ಗೇರು ನ್ಯೂಟ್ರಲ್ಲಿನಲ್ಲಿದ್ದರೆ ಮಾತ್ರ ಇಂಜಿನ್ನು ಆರದಂತೆ ಕಾಯ್ದುಕೊಳ್ಳಲು ಡೀಸೆಲ್ ಉರಿಯುತ್ತಲೇ ಇರಬೇಕಾಗುತ್ತದೆ. ಎಂದರೆ, ಕಡಿದಾದ ಘಟ್ಟದಲ್ಲಿ ನ್ಯೂಟ್ರಲ್ ಡೀಸೆಲನ್ನು ಉಳಿಸುವುದಿಲ್ಲ, ಖರ್ಚು ಮಾಡುತ್ತದೆ. ಅದರ ಜೊತೆಗೆ ಲೈನರುಗಳೂ ಬೇಗ ಸವೆಯುತ್ತವೆ.

ವೇಗದ ಲೆಕ್ಕವಂತೂ ಇನ್ನೂ ಗಂಭೀರವಾದುದು. ಶೇಕಡಾ 5ರ ಇಳಿಜಾರಿನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿರುವ ಭಾರದ ಲಾರಿಯನ್ನು ನ್ಯೂಟ್ರಲ್ಲಿಗೆ ತಂದು ಬ್ರೇಕು ಹಿಡಿಯದೆ ಬಿಟ್ಟರೆ, ಕೇವಲ ಅರ್ಧ ನಿಮಿಷದಲ್ಲಿ ಅದರ ವೇಗವು 70 ಕಿಲೋಮೀಟರನ್ನು ದಾಟುತ್ತದೆ. ಆ ವೇಗದಲ್ಲಿ ಎ.ಎಂ.ಟಿ. ಲಾರಿಯು ಪುನಃ ಕೆಳಗಿನ ಗೇರನ್ನು ಕೊಡುವುದಿಲ್ಲ. ಇಂಜಿನ್ನನ್ನೇ ಆರಿಸಿದ್ದರೆ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ. ಏರ್ ಕಂಪ್ರೆಸರ್ ನಿಲ್ಲುವುದರಿಂದ ಬ್ರೇಕಿಗೆ ಹೊಸ ಗಾಳಿಯೂ ದೊರೆಯದು.

ಮುಂಬಯಿ–ಬೆಂಗಳೂರು ಹೆದ್ದಾರಿಯಲ್ಲಿ ಪುಣೆಯ ಹೊಸ ಕಾತ್ರಜ್ ಸುರಂಗದಿಂದ ನವಲೆ ಸೇತುವೆಯವರೆಗಿನ ಹಾದಿಯು ಘಟ್ಟದಂತೆ ತೋರುವುದಿಲ್ಲ. ಅಲ್ಲಿ ಹೇರ್‌ಪಿನ್ ತಿರುವುಗಳಿಲ್ಲ, ರಸ್ತೆಯೂ ಅಗಲವಾಗಿದೆ. ಇದ್ದರೂ 2022ರ ನವೆಂಬರ್ 20ರ ರಾತ್ರಿ ಅಲ್ಲಿ ಹಿಡಿತ ತಪ್ಪಿದ ಒಂದೇ ಲಾರಿಯಿಂದ ಹತ್ತಾರು ವಾಹನಗಳು ಜಖಂಗೊಂಡವು. ಬೆಂಗಳೂರು–ಸೇಲಂ ಮಾರ್ಗದ ತೊಪ್ಪೂರಿನಲ್ಲಿಯೂ ಭಾರದ ಲಾರಿಗಳು ಮುಂದಿನ ವಾಹನಗಳ ಸಾಲಿನ ಮೇಲೆ ನುಗ್ಗಿದ ಘಟನೆಗಳು ಪದೇ ಪದೇ ನಡೆದಿವೆ. ತಿರುವುಗಳಿರುವ ಘಟ್ಟವು ಚಾಲಕನನ್ನು ಎಚ್ಚರಿಸುತ್ತದೆ. ನೇರವಾದ ಇಳಿಜಾರು ಅವನನ್ನು ಮೈಮರೆಸುತ್ತದೆ. ಎರಡನೆಯದರಲ್ಲಿ ಹೆಚ್ಚಿನ ಜಾಗರೂಕತೆ ಅವಶ್ಯ.

7. ಏರುವಾಗ

ಏರಿನಲ್ಲಿ ಆಟೋ ಸ್ಥಾನವು ಸಾಮಾನ್ಯವಾಗಿ ಸಾಕಾಗುತ್ತದೆ. ಆದರೆ ಪೂರ್ಣ ಭಾರವಿರುವಾಗ ಯಂತ್ರವು ಎರಡು ಗೇರುಗಳ ನಡುವೆ ಮತ್ತೆ ಮತ್ತೆ ಓಲಾಡುವುದುಂಟು. ಎ.ಎಂ.ಟಿ. ಲಾರಿಯಲ್ಲಿ ಗೇರು ಬದಲಾಗುವ ಕ್ಷಣದಲ್ಲಿ ಚಕ್ರಗಳಿಗೆ ಶಕ್ತಿ ಹರಿಯುವುದಿಲ್ಲವಾದ್ದರಿಂದ ಪ್ರತಿ ಬದಲಾವಣೆಯಲ್ಲಿಯೂ ಲಾರಿಯ ವೇಗ ಕುಸಿಯುತ್ತದೆ. ಇಂತಹ ಸಂದರ್ಭದಲ್ಲಿ ಮ್ಯಾನುಯಲ್ ಸ್ಥಾನಕ್ಕೆ ಬಂದು ಕೆಳಗಿನ ಗೇರನ್ನೇ ಹಿಡಿದುಕೊಂಡು ಸಮವೇಗದಲ್ಲಿ ಹತ್ತುವುದು ಯುಕ್ತ. ಹೇರ್‌ಪಿನ್ ತಿರುವಿಗೆ ಬೇಕಾದ ಗೇರನ್ನು ತಿರುವಿಗೆ ಮೊದಲೇ ಆರಿಸಿಕೊಳ್ಳಬೇಕು.

ಏರಿನ ನಡುವೆ ವಾಹನಗಳ ಸಾಲು ನಿಂತಾಗ ಕೆಲವರು ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಲಾರಿಯು ಹಿಂದಕ್ಕೆ ಜಾರದಂತೆ ಹಿಡಿದಿರುತ್ತಾರೆ. ಪೆಡಲ್ ಇಲ್ಲದಿದ್ದರೂ ಎ.ಎಂ.ಟಿ. ಲಾರಿಯಲ್ಲಿ ಕ್ಲಚ್ ಇದ್ದೇ ಇದೆ. ಹೀಗೆ ಹಿಡಿದಿಟ್ಟರೆ ಅದು ಉಜ್ಜಿ ಸುಟ್ಟುಹೋಗುತ್ತದೆ. ನಿಂತಾಗ ಬ್ರೇಕಿನಿಂದಲೇ ಲಾರಿಯನ್ನು ಹಿಡಿದಿಡಬೇಕು. ಮತ್ತೆ ಹೊರಡುವಾಗ ಲಾರಿಯು ಹಿಂದಕ್ಕೆ ಜಾರದಂತೆ ಬ್ರೇಕನ್ನು ಹಿಡಿದಿಡುವ ಸೌಲಭ್ಯವು ಕೆಲವು ಸೆಕೆಂಡುಗಳವರೆಗೆ ಮಾತ್ರ ನೆರವಾಗುತ್ತದೆ ಎಂಬುದನ್ನು ಮರೆಯಬಾರದು.

ಲಾರಿ ಕೆಟ್ಟು ನಿಂತರೆ ಹ್ಯಾಂಡ್ ಬ್ರೇಕು ಹಾಕಿ, ಚಕ್ರಗಳಿಗೆ ಮರದ ಕಟ್ಟೆ ಅಥವಾ ಕಲ್ಲುಗಳನ್ನು ಒತ್ತುಕೊಟ್ಟು, ಸಾಕಷ್ಟು ದೂರದಲ್ಲಿ ಪ್ರತಿಫಲಿಸುವ ತ್ರಿಕೋನವನ್ನು ಇಡಬೇಕು. ಹೊರಡುವಾಗ ಆ ಕಲ್ಲುಗಳನ್ನು ರಸ್ತೆಯಿಂದ ತೆಗೆದು ಬದಿಗೆ ಹಾಕುವುದು ಕಡ್ಡಾಯ. ಕತ್ತಲಲ್ಲಿ ರಸ್ತೆಯ ನಡುವೆ ಉಳಿದ ಒಂದು ಕಲ್ಲು ದ್ವಿಚಕ್ರ ವಾಹನದ ಸವಾರನ ಪ್ರಾಣಕ್ಕೆ ಎರವಾಗಬಲ್ಲದು.

8. ತಿರುವು, ಮಳೆ, ಮಂಜು ಮತ್ತು ಹಿಮ

ಸತ್ಯಮಂಗಲದ ಕಡೆಯಿಂದ ದಿಂಬಂಗೆ ಹತ್ತುವ ಹಾದಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಇಂತಹ ತಿರುವಿನಲ್ಲಿ ಉದ್ದನೆಯ ಲಾರಿಯ ಹಿಂಬದಿಯ ಚಕ್ರಗಳು ಮುಂಬದಿಯ ಚಕ್ರಗಳ ಜಾಡಿನಲ್ಲಿ ಸಾಗದೆ ಒಳಬದಿಗೆ ಸರಿಯುತ್ತವೆ. ಆದ್ದರಿಂದ ಅಗಲವಾಗಿ ತಿರುಗಬೇಕಾಗುತ್ತದೆ. ಎದುರಿನ ವಾಹನವು ತಿರುವಿನ ಹೊರಗೆ ಕಾಯಬೇಕಾಗುತ್ತದೆ. ತಿರುವಿಗೆ ಮುನ್ನ ಹಾರ್ನ್ ಮಾಡಬೇಕು. ವೇಗವನ್ನು ತಿರುವಿನ ಒಳಗಲ್ಲ, ತಿರುವಿಗೆ ಮುಂಚೆಯೇ ತಗ್ಗಿಸಬೇಕು. ಎರಡು ವಾಹನಗಳು ಸಲೀಸಾಗಿ ದಾಟಲಾಗದಷ್ಟು ಕಿರಿದಾದ ಗುಡ್ಡದ ರಸ್ತೆಯಲ್ಲಿ ಇಳಿಯುತ್ತಿರುವ ವಾಹನವು ನಿಂತು, ಏರುತ್ತಿರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ರಸ್ತೆ ನಿಯಮ.

ಮಳೆಗಾಲದಲ್ಲಿ ಪಶ್ಚಿಮ ಘಟ್ಟಗಳ ರಸ್ತೆಗಳು ನುಣುಪಾಗಿರುತ್ತವೆ. ಎಕ್ಸಾಸ್ಟ್ ಬ್ರೇಕಿನ ತಡೆಯು ಇಂಜಿನ್ನಿನಿಂದ ನಡೆಯುವ ಹಿಂಬದಿಯ ಚಕ್ರಗಳ ಮೇಲೆ ಮಾತ್ರ ಬೀಳುವುದರಿಂದ, ಖಾಲಿ ಲಾರಿಯು ಒದ್ದೆ ರಸ್ತೆಯಲ್ಲಿ ಜಾರುವ ಸಂಭವವಿದೆ. ಅಂತಹ ವೇಳೆ ಅದನ್ನು ಮೆಲ್ಲಗೆ, ಕಡಿಮೆ ಹಂತದಲ್ಲಿ ಬಳಸಬೇಕು. ಮಂಜು ಕವಿದಾಗ ಹೆಡ್‌ಲೈಟನ್ನು ತಗ್ಗಿಸಿಯೇ ಇಡಬೇಕು; ಎತ್ತರಿಸಿದ ಬೆಳಕು ಮಂಜಿಗೆ ತಾಗಿ ಚಾಲಕನ ಕಣ್ಣಿಗೇ ಮರಳಿ ಬೀಳುತ್ತದೆ.

ದೆಹಲಿಯಿಂದ ಹಿಮಾಚಲ ಪ್ರದೇಶ, ಲಡಾಖ್‌ಗಳತ್ತ ಸಾಗುವ ಚಾಲಕರು ಎದುರಿಸುವ ಪರಿಸ್ಥಿತಿ ಇನ್ನೂ ಕಠಿಣ. ಮನಾಲಿ–ಲಾಹೌಲ್ ನಡುವೆ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗವು 2020ರ ಅಕ್ಟೋಬರ್ 3ರಂದು ಉದ್ಘಾಟನೆಗೊಂಡ ಬಳಿಕ 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆಮಾರ್ಗವನ್ನು ಏರಿ ಇಳಿಯುವ ಅನಿವಾರ್ಯತೆ ತಪ್ಪಿದೆ. ಆದರೂ ಅದರಾಚೆ ಎತ್ತರದ ಕಣಿವೆಮಾರ್ಗಗಳು ಉಳಿದೇ ಇವೆ. 3,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟಕ್ಕಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆಯಿರುತ್ತದೆ. ಇದರಿಂದ ಇಂಜಿನ್ನಿನ ಶಕ್ತಿಯೂ ತಗ್ಗಬಹುದು. ಚಾಲಕನಿಗೆ ತಲೆನೋವು, ಮಂಕು ಕವಿಯಬಹುದು. ನೀರು ಹೆಪ್ಪುಗಟ್ಟಿದ ರಸ್ತೆಯಲ್ಲಿ ಎಕ್ಸಾಸ್ಟ್ ಬ್ರೇಕನ್ನು ಆರಿಸಿ, ಚಕ್ರಗಳಿಗೆ ಸರಪಳಿ ತೊಡಿಸಿ, ಅತ್ಯಂತ ಕೆಳಗಿನ ಗೇರಿನಲ್ಲಿ, ನಡಿಗೆಯ ವೇಗದಲ್ಲಿ ಸಾಗುವುದೊಂದೇ ಮಾರ್ಗ.

9. ಬ್ರೇಕು ಸೋಲುವ ಸೂಚನೆಗಳು ಕಂಡಾಗ

ಸುಟ್ಟ ವಾಸನೆ, ಚಕ್ರಗಳಿಂದ ಹೊಗೆ, ಮೊದಲಿಗಿಂತ ಹೆಚ್ಚು ಒತ್ತಿದರೂ ಕಡಿಮೆ ಹಿಡಿತ, ಏರ್ ಮೀಟರಿನ ಮುಳ್ಳು ಇಳಿಯುವುದು, ಇವುಗಳಲ್ಲಿ ಯಾವುದೊಂದು ಕಂಡುಬಂದರೂ ಹಿಡಿತವಿರುವಾಗಲೇ ಲಾರಿಯನ್ನು ನಿಲ್ಲಿಸಬೇಕು. ಮುಂದೆ ಒಳ್ಳೆಯ ಜಾಗ ಸಿಗಬಹುದೆಂದು ಕಾಯಬಾರದು. ನಿಲ್ಲಿಸಿದ ಮೇಲೆ ಕಾದ ಡ್ರಮ್ಮುಗಳ ಮೇಲೆ ನೀರು ಸುರಿಯಕೂಡದು. ಹಠಾತ್ತಾಗಿ ತಣಿದ ಕಬ್ಬಿಣವು ಬಿರುಕು ಬಿಡುತ್ತದೆ. ಅವು ತಾವಾಗಿಯೇ ತಣಿಯುವವರೆಗೆ ಕಾಯಬೇಕು.

ಲಾರಿಯು ಹಿಡಿತ ಮೀರಿಯೇ ಹೋದಲ್ಲಿ, ಗೇರನ್ನು ಯಾವ ಕಾರಣಕ್ಕೂ ನ್ಯೂಟ್ರಲ್ಲಿಗೆ ತರಬಾರದು. ಯಂತ್ರವು ಒಪ್ಪುವಷ್ಟು ಕೆಳಗಿನ ಗೇರನ್ನು ಕೇಳುತ್ತಿರಬೇಕು. ಎಕ್ಸಾಸ್ಟ್ ಬ್ರೇಕು ಹಾಕಿರಬೇಕು. ಹಾರ್ನ್ ಮತ್ತು ನಾಲ್ಕೂ ಇಂಡಿಕೇಟರುಗಳಿಂದ ಇತರರನ್ನು ಎಚ್ಚರಿಸಬೇಕು. ಜಲ್ಲಿ ತುಂಬಿದ ತುರ್ತು ಏರುದಾರಿಯಿರುವ ಕಡೆ ಹಿಂಜರಿಯದೆ ಅದರೊಳಗೆ ನುಗ್ಗಿಸಬೇಕು. ಅಂತಹುದು ಇಲ್ಲದೆಡೆ, ಜನರೂ ವಾಹನಗಳೂ ಇಲ್ಲದ ಕಡೆ ನೋಡಿ, ಕಣಿವೆಯ ಬದಿಗಲ್ಲದೆ ಗುಡ್ಡದ ಬದಿಗೆ ಲಾರಿಯನ್ನು ಒರೆಸುತ್ತಾ ವೇಗ ತಗ್ಗಿಸಲು ಯತ್ನಿಸಬೇಕು. ಲಾರಿಯೂ ಸರಕೂ ಹಾಳಾಗಬಹುದು. ಅವನ್ನು ಮತ್ತೆ ಗಳಿಸಬಹುದು.

10. ಮಾಲೀಕರ ಮತ್ತು ಸಾರ್ವಜನಿಕರ ಹೊಣೆ

ಘಟ್ಟದ ಸುರಕ್ಷತೆಯು ಚಾಲಕನೊಬ್ಬನ ಹೊಣೆಯಲ್ಲ. ಮಿತಿಮೀರಿ ಭಾರ ಹೇರುವ, ಸವೆದ ಲೈನರುಗಳನ್ನು ಬದಲಿಸದ, ಹೊಸ ಬಗೆಯ ಲಾರಿಯನ್ನು ತರಬೇತಿಯಿಲ್ಲದೆ ಚಾಲಕನ ಕೈಗೆ ಒಪ್ಪಿಸುವ ಮಾಲೀಕರೂ ಅಪಘಾತದಲ್ಲಿ ಪಾಲುದಾರರು. ಹತ್ತಾರು ವರ್ಷ ಕ್ಲಚ್ ತುಳಿದು ನುರಿತ ಚಾಲಕನಿಗೆ ಎ.ಎಂ.ಟಿ. ಲಾರಿಯ ಸ್ವಭಾವವನ್ನು ಅವನ ಭಾಷೆಯಲ್ಲಿಯೇ ತಿಳಿಸಿಕೊಡುವುದು ಅಗತ್ಯ. ಡೀಸೆಲ್ ಲೆಕ್ಕವನ್ನು ಘಟ್ಟದ ಹಾದಿಗೆ ತಕ್ಕಂತೆ ನಿಗದಿಪಡಿಸಿದಲ್ಲಿ ನ್ಯೂಟ್ರಲ್ಲಿನ ಆಸೆಯೂ ತಗ್ಗುತ್ತದೆ.

ಕಾರು ಮತ್ತು ದ್ವಿಚಕ್ರ ವಾಹನಗಳಲ್ಲಿ ಸಂಚರಿಸುವವರು ಇಳಿಯುತ್ತಿರುವ ಭಾರದ ಲಾರಿಯ ಮುಂದೆ ಒಮ್ಮೆಲೆ ನುಗ್ಗಿ ನಿಧಾನಿಸಬಾರದು. ಮೆಲ್ಲಗೆ ಇಳಿಯುತ್ತಿರುವ ಲಾರಿಯ ಹಿಂದೆ ಸಹನೆಗೆಟ್ಟು ಹಾರ್ನ್ ಒತ್ತಬಾರದು. ಆ ಲಾರಿಯು ನಿಧಾನವಾಗಿದೆ ಎಂದರೆ ಅದರ ಚಾಲಕನು ತನ್ನ ಕೆಲಸವನ್ನು ಬಲ್ಲವನೆಂದೇ ಅರ್ಥ. ಮುಂದಿರುವವರೆಲ್ಲರ ಸುರಕ್ಷತೆಯು ಆ ನಿಧಾನಗತಿಯನ್ನು ಅವಲಂಬಿಸಿದೆ.

ನೆನಪಿಡಬೇಕಾದ ಅಂಶಗಳು

• ಇಳಿಯುವ ವೇಗವನ್ನು ಘಟ್ಟದ ತಲೆಯಲ್ಲೇ ನಿರ್ಧರಿಸಬೇಕು.
• ಇಳಿಜಾರಿಗೆ ಮುನ್ನ ಆಟೋದಿಂದ ಮ್ಯಾನುಯಲ್ಲಿಗೆ ಬಂದು ಕೆಳಗಿನ ಗೇರನ್ನು ಆರಿಸಬೇಕು. ಇಕೋ ರೋಲನ್ನು ಆರಿಸಿಡಬೇಕು.
• ವೇಗವನ್ನು ಇಂಜಿನ್ನಿನಿಂದ ಹಿಡಿದಿಡಬೇಕು. ಕಾಲಿನ ಬ್ರೇಕನ್ನು ದೃಢವಾಗಿ ಒತ್ತಿ ಪೂರ್ಣವಾಗಿ ಬಿಡಬೇಕು.
• ನ್ಯೂಟ್ರಲ್ಲಿನಲ್ಲಾಗಲಿ, ಇಂಜಿನ್ ಆರಿಸಿಯಾಗಲಿ ಎಂದೂ ಇಳಿಯಬಾರದು.
• ವಾಸನೆ, ಹೊಗೆ, ಗಾಳಿಯ ಒತ್ತಡದ ಕುಸಿತ ಕಂಡೊಡನೆ ನಿಲ್ಲಿಸಬೇಕು.

ಗೇರು ಬದಲಿಸುವ ಶ್ರಮವನ್ನು ಯಂತ್ರಕ್ಕೆ ಒಪ್ಪಿಸಬಹುದು. ಮುಂದಿನ ದಾರಿಯನ್ನು ಕಂಡು ಮುಂಚಿತವಾಗಿ ಯೋಚಿಸುವ ಹೊಣೆಯನ್ನು ಒಪ್ಪಿಸಲಾಗದು. ಘಟ್ಟದ ತಲೆಯಲ್ಲಿ ಐದು ನಿಮಿಷ ನಿಂತು ಕೆಳಗಿನ ಗೇರಿನಲ್ಲಿ ಹೊರಟ ಲಾರಿಯು ಊರನ್ನು ಸ್ವಲ್ಪ ತಡವಾಗಿ ತಲುಪಬಹುದು. ಆದರೆ ಅದು ತಲುಪುತ್ತದೆ. ದಾರಿಯಲ್ಲಿ ಅದರ ಮುಂದಿದ್ದವರೂ ತಮ್ಮ ಮನೆಗಳನ್ನು ತಲುಪುತ್ತಾರೆ.